ಮೃದು ಅಂಗಾಂಶದ ಗಡ್ಡೆಗಳಲ್ಲಿ ಡೈನಾಮಿಕ್ ಎಂ.ಆರ್.ಐ.: ಗ್ರಾಫ್ ನೋಡಿ ಮಾರಕವೋ ಅಲ್ಲವೋ ಹೇಳಬಹುದೇ?

ಮಲಪ್ರಭಾ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ರೇಡಿಯಾಲಜಿಯಲ್ಲಿ ಎಂ.ಡಿ. ಮೊದಲ ವರ್ಷದ ವಿದ್ಯಾರ್ಥಿನಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಥೀಸಿಸ್‌ನ ಸಿನಾಪ್ಸಿಸ್ ಸಲ್ಲಿಸುವ ದಿನ ಹತ್ತಿರ ಬರುತ್ತಿದೆ. ಕೈ, ಕಾಲು ಮತ್ತು ಮುಂಡದ ಸ್ನಾಯು, ಕೊಬ್ಬು, ನರ, ನಾರಿನ ಅಂಗಾಂಶಗಳಲ್ಲಿ ಹುಟ್ಟುವ ಗಡ್ಡೆಗಳನ್ನು ಡೈನಾಮಿಕ್ ಕಾಂಟ್ರಾಸ್ಟ್ ಎಂ.ಆರ್.ಐ. ಮೂಲಕ ಅಭ್ಯಾಸ ಮಾಡಬೇಕೆಂಬುದು ನನ್ನ ಗೈಡ್ ಅವರ ಸಲಹೆ. ಸದ್ಯಕ್ಕೆ ನಾನು ಬರೆದುಕೊಂಡಿರುವ ಶೀರ್ಷಿಕೆ "ಮಾರಕ ಮತ್ತು ನಿರುಪದ್ರವಿ ಗಡ್ಡೆಗಳನ್ನು ಬೇರ್ಪಡಿಸುವಲ್ಲಿ ಡೈನಾಮಿಕ್ ಎಂ.ಆರ್.ಐ. ಪಾತ್ರ" ಎಂದಿದೆ.

ನಾನು ಅರ್ಥಮಾಡಿಕೊಂಡಿರುವುದು ಇಷ್ಟು. ಸಾಮಾನ್ಯ ಕಾಂಟ್ರಾಸ್ಟ್ ಸ್ಕ್ಯಾನ್‌ನಲ್ಲಿ ಚಿತ್ರಕ್ಕೆ ಹೊಳಪು ತರುವ ಗ್ಯಾಡೊಲಿನಿಯಂ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಕೆಲವು ನಿಮಿಷಗಳ ನಂತರ ಚಿತ್ರ ತೆಗೆಯುತ್ತೇವೆ. ಆ ಹೊತ್ತಿಗೆ ಗಡ್ಡೆ ಎಷ್ಟು ಹೊಳೆಯುತ್ತಿದೆ ಎಂಬುದು ಗೊತ್ತಾಗುತ್ತದೆಯೇ ಹೊರತು ಆ ಹೊಳಪು ಯಾವಾಗ ಬಂತು, ಎಷ್ಟು ವೇಗವಾಗಿ ಬಂತು ಎಂಬುದು ಗೊತ್ತಾಗುವುದಿಲ್ಲ. ಡೈನಾಮಿಕ್ ವಿಧಾನದಲ್ಲಿ ಔಷಧ ರಕ್ತಕ್ಕೆ ಸೇರುವ ಮೊದಲೇ ಚಿತ್ರ ತೆಗೆಯಲು ಆರಂಭಿಸಿ, ಅದೇ ಜಾಗದ ಚಿತ್ರವನ್ನು ಕೆಲವೇ ಸೆಕೆಂಡುಗಳ ಅಂತರದಲ್ಲಿ ಮತ್ತೆ ಮತ್ತೆ ತೆಗೆದು, ಗಡ್ಡೆಯ ಹೊಳಪು ಕಾಲದೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಗ್ರಾಫ್ ಆಗಿ ಬರೆಯುತ್ತೇವೆ. ಬೇಗ ಏರಿ ಬೇಗ ಇಳಿದರೆ ಮಾರಕ, ನಿಧಾನವಾಗಿ ಏರುತ್ತ ಹೋದರೆ ನಿರುಪದ್ರವಿ ಎಂದು ನಾವು ಪಾಠದಲ್ಲಿ ಕಲಿತೆವು.

ಆದರೆ ವಿಭಾಗದಲ್ಲಿರುವ ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ ಎರಡು ಕೇಸುಗಳು ನನ್ನನ್ನು ಗೊಂದಲಕ್ಕೆ ದೂಡಿದವು. ಮೊದಲನೆಯದರಲ್ಲಿ ಮುಂಗೈಯ ಸಣ್ಣ ಗಡ್ಡೆಯೊಂದು ಪಕ್ಕದ ರಕ್ತನಾಳದ ಬೆನ್ನಿಗೇ ಹೊಳೆದಿತ್ತು, ಗ್ರಾಫ್ ಗೋಡೆಯಂತೆ ಏರಿತ್ತು. ಪೆಥಾಲಜಿ ವರದಿಯಲ್ಲಿ ಅದು ಶ್ವಾನೋಮಾ, ನರದ ಹೊದಿಕೆಯ ನಿರುಪದ್ರವಿ ಗಡ್ಡೆ. ಎರಡನೆಯದರಲ್ಲಿ ತೊಡೆಯ ಆಳದ ದೊಡ್ಡ ಗಡ್ಡೆ ಆಲಸ್ಯದಿಂದ ಏರಿತ್ತು; ಪೆಥಾಲಜಿಯಲ್ಲಿ ಅದು ಮಿಕ್ಸಾಯ್ಡ್ ಲೈಪೋಸಾರ್ಕೋಮಾ, ಕೊಬ್ಬಿನ ಅಂಗಾಂಶದ ಮಾರಕ ಗಡ್ಡೆ. ಎರಡೂ ಪಾಠಕ್ಕೆ ತದ್ವಿರುದ್ಧ. ಹೀಗಿರುವಾಗ ಈ ಪರೀಕ್ಷೆಯಿಂದ ನಿಜವಾಗಿ ಏನು ತಿಳಿಯುತ್ತದೆ? ಈ ಶೀರ್ಷಿಕೆಯಲ್ಲಿ ಥೀಸಿಸ್ ಮಾಡುವುದರಲ್ಲಿ ಅರ್ಥವಿದೆಯೇ? ಅನುಭವಿಗಳು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಹಳೇ ಫಿಲ್ಮು (ಉತ್ತರ)

ಮಲಪ್ರಭಾ ಅವರೇ, ಆ ಎರಡು ಕೇಸುಗಳನ್ನು ಹುಡುಕಿ ತೆಗೆದದ್ದಕ್ಕೆ ಮೊದಲು ನಿಮಗೆ ಅಭಿನಂದನೆ. ನಾನು ಎರಡು ದಶಕಗಳಿಗೂ ಹೆಚ್ಚು ಕಾಲ ಮೂಳೆ ಮತ್ತು ಮೃದು ಅಂಗಾಂಶಗಳ ಚಿತ್ರಗಳನ್ನು ಓದುತ್ತಿರುವ ರೇಡಿಯಾಲಜಿಸ್ಟ್. ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ ಕೊಡುವುದಾದರೆ, ಗ್ರಾಫ್ ಹೇಳುವುದು ಗಡ್ಡೆಯ ರಕ್ತ ಪೂರೈಕೆಯ ಕಥೆಯನ್ನು, ಗಡ್ಡೆಯ ಹೆಸರನ್ನಲ್ಲ. ಇವೆರಡನ್ನೂ ಒಂದೇ ಎಂದುಕೊಂಡಾಗ ನಿಮಗಾದಂಥ ಗೊಂದಲ ಯಾರಿಗಾದರೂ ಆಗುತ್ತದೆ.

ಗ್ಯಾಡೊಲಿನಿಯಂ ಔಷಧವು ಜೀವಕೋಶದ ಒಳಗೆ ಹೋಗುವುದಿಲ್ಲ. ಅದು ರಕ್ತನಾಳದಲ್ಲಿ ಬರುತ್ತದೆ, ಸೂಕ್ಷ್ಮ ನಾಳಗಳ ಗೋಡೆಯಿಂದ ಸೋರಿ ಕೋಶಗಳ ನಡುವಿನ ಜಾಗಕ್ಕೆ ಸೇರುತ್ತದೆ, ರಕ್ತದಲ್ಲಿ ಔಷಧದ ಪ್ರಮಾಣ ಕಡಿಮೆಯಾದಂತೆ ಅಲ್ಲಿಂದ ಮರಳಿ ನಾಳಕ್ಕೆ ಬರುತ್ತದೆ. ಗ್ರಾಫ್‌ನ ಮೊದಲ ಏರು ಎಷ್ಟು ಕಡಿದಾಗಿದೆ ಎಂಬುದು ನಾಳಗಳ ಸಂಖ್ಯೆ, ಅವುಗಳಲ್ಲಿ ಹರಿಯುವ ರಕ್ತ, ಅವುಗಳ ಗೋಡೆಯ ಸೋರಿಕೆ ಇವುಗಳನ್ನು ಅವಲಂಬಿಸುತ್ತದೆ. ಏರಿದ ಮೇಲೆ ಏನಾಗುತ್ತದೆ ಎಂಬುದನ್ನು ನಿರ್ಧರಿಸುವುದು ಹೆಚ್ಚಾಗಿ ಕೋಶಗಳ ನಡುವಿನ ಜಾಗ. ಕೋಶಗಳು ಒತ್ತೊತ್ತಾಗಿ ತುಂಬಿದ ಗಡ್ಡೆಯಲ್ಲಿ ಆ ಜಾಗ ಕಿರಿದು. ಔಷಧ ಬೇಗ ತುಂಬಿ ಬೇಗ ಹೊರಹೋಗುತ್ತದೆ, ಗ್ರಾಫ್ ಇಳಿಯುತ್ತದೆ. ಜಾಗ ವಿಶಾಲವಾಗಿದ್ದರೆ ಕೆರೆಗೆ ನೀರು ತುಂಬುವ ಹಾಗೆ ನಿಮಿಷಗಟ್ಟಲೆ ತುಂಬುತ್ತಲೇ ಇರುತ್ತದೆ.

ಈಗ ನಿಮ್ಮ ಲೈಪೋಸಾರ್ಕೋಮಾವನ್ನು ನೋಡಿ. ಮಿಕ್ಸಾಯ್ಡ್ ಎಂದರೆ ಲೋಳೆಯಂಥ ನೀರು ತುಂಬಿದ ಹಂದರ, ಅದರಲ್ಲಿ ಅಲ್ಲಲ್ಲಿ ಚದುರಿದ ಕೋಶಗಳು. ಔಷಧ ಆ ಹಂದರದೊಳಕ್ಕೆ ನಿಧಾನವಾಗಿ ಹರಡುತ್ತದೆ. ಗ್ರಾಫ್ ಸುಳ್ಳು ಹೇಳಲಿಲ್ಲ. ಅದು ಹಂದರದ ವಿಷಯ ಹೇಳಿತು, ನಾವು ಕೋಶಗಳ ಸ್ವಭಾವ ಎಂದು ಕೇಳಿಸಿಕೊಂಡೆವು. ಕಾಂಟ್ರಾಸ್ಟ್ ಇಲ್ಲದೆ ಸ್ಕ್ಯಾನ್ ಮಾಡಿದ್ದರೆ ಇದೇ ಗಡ್ಡೆ, ನೀರು ಬೆಳ್ಳಗೆ ಕಾಣುವ ಟಿ2 ಬಗೆಯ ಚಿತ್ರದಲ್ಲಿ ನೀರಿನ ಚೀಲದಂತೆ ಬೆಳ್ಳಗೆ ಕಂಡು ಸಿಸ್ಟ್ ಎಂದೇ ವರದಿಯಾಗುವ ಅಪಾಯವೂ ಇತ್ತು. ಯುವಕರ ಕೀಲಿನ ಹತ್ತಿರ ಬರುವ ಸಣ್ಣ ಸೈನೋವಿಯಲ್ ಸಾರ್ಕೋಮಾ (ಸಾರ್ಕೋಮಾ ಎಂದರೆ ಇಂಥ ಅಂಗಾಂಶಗಳ ಕ್ಯಾನ್ಸರ್) ಕೂಡ ಇದೇ ವೇಷ ಹಾಕುವುದುಂಟು. ಹಾಗಾಗಿ ಆಳದಲ್ಲಿರುವ "ಸಿಸ್ಟ್" ನಿಜಕ್ಕೂ ಕೀಲಿಗೋ ಸ್ನಾಯುರಜ್ಜುವಿನ ಪೊರೆಗೋ ಸಂಬಂಧಪಟ್ಟದ್ದೆಂದು ಖಚಿತವಾಗದ ಹೊರತು ಅದಕ್ಕೆ ಕಾಂಟ್ರಾಸ್ಟ್ ಕೊಡಬೇಕು ಎಂಬುದು ನನ್ನ ಹಟ. ಶ್ವಾನೋಮಾದ್ದು ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು: ಕೋಶಗಳು ನಿರುಪದ್ರವಿ, ಆದರೆ ನಾಳಗಳು ಸಮೃದ್ಧ. ಕ್ಯಾನ್ಸರ್ ಅಲ್ಲದ ಇನ್ನೂ ಹಲವು ಹೀಗಿವೆ: ಡೆಸ್ಮಾಯ್ಡ್, ನೋಡ್ಯುಲರ್ ಫ್ಯಾಸೈಟಿಸ್, ಕೀಲಿನ ಪೊರೆಯ ಜೈಂಟ್ ಸೆಲ್ ಗಡ್ಡೆ, ಹೆಮಾಂಜಿಯೋಮಾದ ಕೆಲವು ಬಗೆಗಳು, ಇನ್ನೂ ಗಟ್ಟಿಯಾಗದ ಹಂತದ ಮಯೋಸೈಟಿಸ್ ಆಸಿಫಿಕನ್ಸ್, ಅಷ್ಟೇಕೆ, ಕೀವು ಕಟ್ಟಿದ ಜಾಗದ ಅಂಚು ಸಹ ಹೀಗೆಯೇ ಬೇಗ ಏರುತ್ತದೆ.

ಈ ವಿಧಾನ ಹೊಸದೇನಲ್ಲ. ಮೊದಲ ಗ್ಯಾಡೊಲಿನಿಯಂ ಔಷಧಕ್ಕೆ 1988ರಲ್ಲಿ ಅನುಮತಿ ದೊರೆಯಿತು. ಮರುವರ್ಷವೇ ಜರ್ಮನಿಯ ಮ್ಯೂನ್‌ಸ್ಟರ್‌ನ ತಂಡವೊಂದು ಮೂಳೆ ಮತ್ತು ಮೃದು ಅಂಗಾಂಶದ ಗಡ್ಡೆಗಳ ಡೈನಾಮಿಕ್ ಚಿತ್ರಗಳನ್ನು ಪ್ರಕಟಿಸಿತು. 1994ರಲ್ಲಿ ಬೆಲ್ಜಿಯಂನ ಗೆಂಟ್‌ನ ಕೂನ್‌ರಾಡ್ ವರ್ಸ್‌ಟ್ರಾಟೆ ಮತ್ತು ಸಂಗಡಿಗರು ಔಷಧದ ಮೊದಲ ಸುತ್ತಿನ ಏರಿಕೆಯ ವೇಗವನ್ನು ಪ್ರತಿ ಬಿಂದುವಿನಲ್ಲೂ ಅಳೆದು ನಕ್ಷೆಯಾಗಿ ತೋರಿಸಿದರು. ಮಾರಕ ಗಡ್ಡೆಗಳು ಸರಾಸರಿಯಲ್ಲಿ ವೇಗವಾಗಿ ಏರಿದರೂ ಎರಡು ಗುಂಪುಗಳು ಒಂದರ ಮೇಲೊಂದು ಸಾಕಷ್ಟು ಹಬ್ಬಿಕೊಂಡಿರುವುದು ಆಗಲೇ ಕಂಡಿತ್ತು. 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್ ತಂಡವು 140 ರೋಗಿಗಳನ್ನು ಅಭ್ಯಸಿಸಿ, ಗಡ್ಡೆಯ ಗಾತ್ರ, ಒಳಗಿನ ಕರಗಿದ ಭಾಗ, ಮತ್ತು ಅಪಧಮನಿ ಹೊಳೆದ ಕ್ಷಣಕ್ಕೂ ಗಡ್ಡೆ ಹೊಳೆಯಲು ಆರಂಭಿಸಿದ ಕ್ಷಣಕ್ಕೂ ಇರುವ ಅಂತರ, ಈ ಮೂರು ಸೇರಿದಾಗ ನಿರ್ಣಯ ಸುಧಾರಿಸುತ್ತದೆ ಎಂದು ತೋರಿಸಿತು. ಆ ಅಂತರ 6 ಸೆಕೆಂಡಿಗಿಂತ ಕಡಿಮೆಯಿದ್ದರೆ ಅನುಮಾನ ಹೆಚ್ಚು ಎಂಬ ಅಂಕೆ ಅದೇ ಪರಂಪರೆಯಿಂದ ಬಂದದ್ದು. ಗಮನಿಸಿ, ಅಲ್ಲಿಯೂ ಗ್ರಾಫ್ ಒಂಟಿಯಾಗಿ ನಿಂತಿಲ್ಲ.

ಗ್ರಾಫ್‌ನ ಆಕಾರಗಳ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕ್ಷೇತ್ರದಲ್ಲಿ ಐದು ಬಗೆಗಳನ್ನು ಹೇಳುತ್ತಾರೆ: ಏರಿಕೆಯೇ ಇಲ್ಲದ್ದು ಒಂದನೆಯದು, ನಿಧಾನವಾಗಿ ಏರುವುದು ಎರಡನೆಯದು, ಬೇಗ ಏರಿ ಸಪಾಟಾಗುವುದು ಮೂರನೆಯದು, ಬೇಗ ಏರಿ ಇಳಿಯುವುದು ನಾಲ್ಕನೆಯದು, ಬೇಗ ಏರಿ ನಂತರವೂ ನಿಧಾನವಾಗಿ ಏರುತ್ತಲೇ ಇರುವುದು ಐದನೆಯದು. ಸ್ತನದ ಎಂ.ಆರ್.ಐ.ನಲ್ಲಿ ಇರುವುದು ಮೂರೇ ಬಗೆ, ಅಲ್ಲಿಯ ಮೂರನೆಯದು ಇಲ್ಲಿಯ ನಾಲ್ಕನೆಯದು. ಒಂದೇ ದಿನ ಎರಡೂ ವರದಿಗಳನ್ನು ಬರೆಯುವ ರೆಸಿಡೆಂಟ್‌ಗಳು "ಟೈಪ್ 3" ಎಂದಷ್ಟೇ ಬರೆದು ಓದುವವರನ್ನು ಪೇಚಿಗೆ ಸಿಲುಕಿಸುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆಕಾರವನ್ನು ಮಾತಿನಲ್ಲಿ ಬರೆಯಿರಿ.

ಹಾಗಾದರೆ ಉಪಯೋಗ ಎಲ್ಲಿ? ನನಗೆ ಅತ್ಯಂತ ಇಷ್ಟವಾದ ಉಪಯೋಗ ಹೆಪ್ಪುಗಟ್ಟಿದ ರಕ್ತದ ಕೇಸುಗಳಲ್ಲಿದೆ. ರೋಗಿ ಬಂದು, ಬೈಕಿನಿಂದ ಬಿದ್ದೆ, ಆಮೇಲೆ ತೊಡೆ ಊದಿಕೊಂಡಿತು ಎನ್ನುತ್ತಾರೆ. ಊತ ಎರಡು ತಿಂಗಳಾದರೂ ಇಳಿದಿರುವುದಿಲ್ಲ, ಬದಲಿಗೆ ಬೆಳೆದಿರುತ್ತದೆ. ಎಂ.ಆರ್.ಐ.ನಲ್ಲಿ ರಕ್ತದ ಹೆಪ್ಪು ಕಾಣುತ್ತದೆ. ಅದು ಪೆಟ್ಟಿನ ಹೆಪ್ಪೋ, ಒಳಗೆ ರಕ್ತ ಸುರಿದ ಸಾರ್ಕೋಮಾವೋ? ಹಳೆಯ ರಕ್ತವು, ಔಷಧದ ಹೊಳಪನ್ನು ನೋಡುವ ಟಿ1 ಬಗೆಯ ಚಿತ್ರದಲ್ಲಿ ತಾನಾಗಿಯೇ ಬೆಳ್ಳಗಿರುವುದರಿಂದ ಕೊನೆಯ ಚಿತ್ರವೊಂದನ್ನೇ ನೋಡಿದರೆ ಔಷಧದ ಹೊಳಪು ಅದರಲ್ಲಿ ಮುಚ್ಚಿಹೋಗುತ್ತದೆ. ಡೈನಾಮಿಕ್ ಸರಣಿಯಲ್ಲಿ ಔಷಧಕ್ಕೆ ಮುಂಚಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆದಾಗ ಗೋಡೆಗೆ ಅಂಟಿಕೊಂಡ, ಹೆಬ್ಬೆರಳಿನ ಗಾತ್ರದ ಗಂಟೊಂದು ಇದ್ದಕ್ಕಿದ್ದಂತೆ ಎದ್ದು ಕಾಣುತ್ತದೆ. ಬಯಾಪ್ಸಿಯ ಸೂಜಿ ಹೋಗಬೇಕಾದದ್ದು ಅಲ್ಲಿಗೆ. ಹೆಪ್ಪಿನ ನಡುವೆ ಚುಚ್ಚಿದರೆ ಪೆಥಾಲಜಿಯವರಿಗೆ ಸಿಗುವುದು ಬರೀ ರಕ್ತ, ರೋಗಿಗೆ ಸಿಗುವುದು ಸುಳ್ಳು ಸಮಾಧಾನ.

ನಿಮ್ಮ ಶೀರ್ಷಿಕೆಯ ಪ್ರಶ್ನೆಗೆ ಮೂವತ್ತು ವರ್ಷಗಳಿಂದ ಬರುತ್ತಿರುವುದು ಒಂದೇ ಉತ್ತರ: "ಸ್ವಲ್ಪ ಮಟ್ಟಿಗೆ ಹೌದು." ಅದನ್ನು ಮತ್ತೊಮ್ಮೆ ಬರೆಯುವುದರ ಬದಲು ಸೂಜಿಯನ್ನು ಎಲ್ಲಿ ಹಾಕಬೇಕು ಎಂಬುದರ ಕಡೆಗೆ ತಿರುಗಿಸಿ ಎಂಬುದು ನನ್ನ ಸಲಹೆ. ಸಂಖ್ಯೆ, ಸೂತ್ರ, ಸಾಫ್ಟ್‌ವೇರ್‌ಗಳ ಹಿಂದೆ ಹೆಚ್ಚು ಓಡಬೇಡಿ. ಪಕ್ಕದ ಅಪಧಮನಿಯ ಗ್ರಾಫ್ ಜೊತೆಗಿಟ್ಟುಕೊಂಡು ಕಣ್ಣಿನಿಂದ ನೋಡಿದರೂ ಬಹಳ ತಿಳಿಯುತ್ತದೆ.

ಟೆಸ್ಲಾ ಲೆಕ್ಕ (ಉತ್ತರ)

ಮೇಲಿನ ಉತ್ತರದ ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ನನ್ನ ಸಹಮತವಿದೆ. ನಾನು ಮೆಡಿಕಲ್ ಫಿಸಿಸಿಸ್ಟ್, ಹಾಗಾಗಿ ಕಣ್ಣಿನ ಮೇಲೆ ನನಗೆ ನಂಬಿಕೆ ಸ್ವಲ್ಪ ಕಡಿಮೆ. ಸ್ಕ್ಯಾನ್ ತೆಗೆಯುವ ಕ್ರಮವೇ ರೋಗಿಯಿಂದ ರೋಗಿಗೆ ಬದಲಾದರೆ ಕಣ್ಣು ನೋಡುವುದು ಗಡ್ಡೆಯನ್ನಲ್ಲ, ನಮ್ಮ ಅಶಿಸ್ತನ್ನು.

ಸಣ್ಣ ಲೆಕ್ಕ ಹೇಳುತ್ತೇನೆ. ಸಾಮಾನ್ಯ ಪ್ರಮಾಣ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಮೋಲ್. ಪ್ರತಿ ಮಿ.ಲೀ.ಗೆ 0.5 ಮಿಲಿಮೋಲ್ ಇರುವ ಔಷಧವಾದರೆ 60 ಕಿಲೋ ತೂಕದವರಿಗೆ 12 ಮಿ.ಲೀ. ಬೇಕು, ಸೆಕೆಂಡಿಗೆ 2 ಮಿ.ಲೀ. ವೇಗದಲ್ಲಿ ಅದು ಒಳಗೆ ಹೋಗಲು 6 ಸೆಕೆಂಡ್. ಗ್ಯಾಡೊಬ್ಯೂಟ್ರಾಲ್ ಎಂಬ ಗ್ಯಾಡೊಲಿನಿಯಂ ಔಷಧದ ಸಾಂದ್ರತೆ ಇದರ ಎರಡರಷ್ಟಿರುವುದರಿಂದ 6 ಮಿ.ಲೀ. ಸಾಕು, 3 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಂದರೆ ಅಪಧಮನಿಗೆ ಬರುವ ಔಷಧದ ಅಲೆಯ ಆಕಾರವೇ ಬೇರೆ. ಗಡ್ಡೆಯ ಏರಿಕೆ ಅದರ ಮೇಲೆ ನಿಂತಿದೆ. ಸ್ಟೋರ್‌ನಲ್ಲಿ ಆ ವಾರ ಯಾವ ಔಷಧ ಇತ್ತೋ ಅದನ್ನು ಹಾಕಿಸಿ ಕೊನೆಗೆ ಎಲ್ಲ ರೋಗಿಗಳ ಏರಿಕೆಯ ವೇಗವನ್ನು ಒಂದೇ ಕೋಷ್ಟಕದಲ್ಲಿ ಹೋಲಿಸುವುದು ಸರಿಯಲ್ಲ. ಒಂದೇ ಔಷಧ, ಪ್ರೆಷರ್ ಇಂಜೆಕ್ಟರ್, ಒಂದೇ ವೇಗ, ಹಿಂದೆಯೇ ಸುಮಾರು 20 ಮಿ.ಲೀ. ಸಲೈನ್: ಇಷ್ಟನ್ನು ಬರೆದಿಟ್ಟು ತಂತ್ರಜ್ಞರ ಕೊಠಡಿಯ ಗೋಡೆಗೆ ಅಂಟಿಸಿ. ಕೈಯಿಂದ ಸಿರಿಂಜ್ ಒತ್ತಿದ ಕೇಸುಗಳನ್ನು ಅಧ್ಯಯನಕ್ಕೆ ಸೇರಿಸಬೇಡಿ.

ಚಿತ್ರಗಳ ನಡುವಿನ ಅಂತರ ಇನ್ನೂ ಮುಖ್ಯ. ಆರು ಸೆಕೆಂಡಿನ ಅಂತರದ ಮೇಲೆ ತೀರ್ಮಾನ ಮಾಡುವವರು ಹದಿನೈದು ಸೆಕೆಂಡಿಗೊಂದು ಚಿತ್ರ ತೆಗೆದರೆ ಅದನ್ನು ಏನೆನ್ನಬೇಕು? ಮೂರರಿಂದ ಐದು ಸೆಕೆಂಡಿಗೊಂದು ಚಿತ್ರ ಸಿಗುವಂತೆ ನೋಡಿಕೊಳ್ಳಿ, ಅದಕ್ಕಾಗಿ ಚಿತ್ರದ ಸೂಕ್ಷ್ಮತೆಯನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ; ವಿವರವಾದ ಚಿತ್ರವನ್ನು ಡೈನಾಮಿಕ್ ಸರಣಿ ಮುಗಿದ ಮೇಲೆ ತೆಗೆಯಬಹುದು. ಔಷಧ ಹಾಕುವ ಮೊದಲು ನಾಲ್ಕೈದು ಚಿತ್ರಗಳಾದರೂ ಇರಲಿ, ಇಲ್ಲದಿದ್ದರೆ ಏರಿಕೆ ಎಲ್ಲಿಂದ ಆರಂಭವಾಯಿತು ಎಂಬುದಕ್ಕೆ ಆಧಾರವಿರುವುದಿಲ್ಲ. ಒಟ್ಟು ಅವಧಿ ಐದು ನಿಮಿಷ ಇಟ್ಟುಕೊಂಡರೆ ಇಳಿಕೆಯೂ ಕಾಣುತ್ತದೆ. ಅಪಧಮನಿಯನ್ನು ಅಳೆಯುವಾಗ ಚಿತ್ರ ತೆಗೆಯುತ್ತಿರುವ ಭಾಗದ ಅಂಚಿನಲ್ಲಿ ಅಳೆಯಬೇಡಿ; ಹೊರಗಿನಿಂದ ಹೊಸದಾಗಿ ಒಳಬರುವ ರಕ್ತವು ಔಷಧವಿಲ್ಲದೆಯೂ ಅಲ್ಲಿ ಹೊಳೆಯುತ್ತದೆ.

ಸೂತ್ರಗಳ ವಿಷಯ. ಪಾಲ್ ಟಾಫ್ಟ್ಸ್ 1991ರಲ್ಲಿ ಮುಂದಿಟ್ಟ, 1999ರಲ್ಲಿ ಹಲವು ತಂಡಗಳು ಕೂಡಿ ಒಂದೇ ಹೆಸರುಗಳಿಗೆ ಒಪ್ಪಿದ ಮಾದರಿಯಲ್ಲಿ ಮೂರು ಅಳತೆಗಳಿವೆ: ನಾಳದಿಂದ ಹೊರಕ್ಕೆ ಔಷಧ ಸಾಗುವ ದರವಾದ ಕೆ-ಟ್ರಾನ್ಸ್, ಕೋಶಗಳ ನಡುವಿನ ಜಾಗದ ಪಾಲಾದ ವಿ-ಇ, ಮತ್ತು ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ, ಔಷಧ ಮರಳುವ ದರವಾದ ಕೆ-ಇ-ಪಿ. ಹಿಂದಿನ ಉತ್ತರದಲ್ಲಿ ಬಂದ ಕೆರೆಯ ಹೋಲಿಕೆಯನ್ನೇ ಮುಂದುವರಿಸಿದರೆ, ಕಾಲುವೆಯ ಹರಿವು ಮತ್ತು ಕೆರೆಯ ವಿಸ್ತಾರ ಎರಡನ್ನೂ ಬೇರೆಬೇರೆಯಾಗಿ ಅಳೆಯುವ ಪ್ರಯತ್ನ ಇದು. ಆದರೆ ಕೆ-ಟ್ರಾನ್ಸ್ ಹೆಚ್ಚಾದದ್ದು ರಕ್ತದ ಹರಿವಿನಿಂದಲೋ ಗೋಡೆಯ ಸೋರಿಕೆಯಿಂದಲೋ ಎಂಬುದನ್ನು ಆ ಒಂದು ಅಂಕೆ ಬಿಡಿಸಿ ಹೇಳುವುದಿಲ್ಲ. ಚಿತ್ರದ ಹೊಳಪು ಔಷಧದ ಸಾಂದ್ರತೆಗೆ ನೇರ ಅನುಪಾತದಲ್ಲಿ ಇರುವುದೂ ಇಲ್ಲ. ಹಾಗಾಗಿ ಔಷಧಕ್ಕೆ ಮುಂಚೆ ಅಂಗಾಂಶದ ಟಿ1 (ಕಾಂತೀಯ ಚೇತರಿಕೆಯ ಸಮಯ) ಅಳೆದಿರಬೇಕು, 3 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಯಂತ್ರದಲ್ಲಿ ರೇಡಿಯೋ ತರಂಗದ ಅಸಮತೆಯನ್ನೂ ಸರಿಪಡಿಸಬೇಕು. ಇಷ್ಟು ಶಿಸ್ತು ಸಾಧ್ಯವಿಲ್ಲದಿದ್ದರೆ ಕೆ-ಟ್ರಾನ್ಸ್ ಬರೆಯದಿರುವುದೇ ಒಳ್ಳೆಯದು. ಆ ಮಟ್ಟಿಗೆ ಹಿರಿಯರ ಮಾತಿಗೆ ನಾನೂ ಬಂದು ಸೇರುತ್ತೇನೆ.

ಇನ್ನೊಂದು ವಿಷಯ, ಥೀಸಿಸ್‌ಗಳಲ್ಲಿ ಅತಿ ಹೆಚ್ಚು ತಪ್ಪು ನಡೆಯುವ ಜಾಗ. ಅಳೆಯುವ ವೃತ್ತವನ್ನು ಗಡ್ಡೆಯ ಮೇಲೆ ಎಲ್ಲಿ ಇಡುತ್ತೀರಿ? ಇಡೀ ಗಡ್ಡೆಯ ಸುತ್ತ ಎಳೆದರೆ ಸತ್ತ ಭಾಗ, ನೀರಿನ ಭಾಗ, ಜೀವಂತ ಭಾಗ ಎಲ್ಲ ಕಲಸಿ ಯಾವುದೂ ಅಲ್ಲದ ಸರಾಸರಿ ಬರುತ್ತದೆ. ಮೊದಲು ಏರಿಕೆಯ ವೇಗದ ಬಣ್ಣದ ನಕ್ಷೆ ತೆಗೆದು, ಅತಿ ವೇಗದ ಜಾಗದಲ್ಲಿ ಚಿಕ್ಕ ವೃತ್ತ ಇಡಿ. ಅದು ಗಡ್ಡೆಯೊಳಗಿನ ರಕ್ತನಾಳದ ಮೇಲೆ ಕೂರದಂತೆ ನೋಡಿಕೊಳ್ಳಿ. ಪೆಥಾಲಜಿ ವರದಿ ತಿಳಿಯದ ಇಬ್ಬರು ಬೇರೆಬೇರೆಯಾಗಿ ಅಳೆಯಲಿ.

ಮೂಳೆ-ಮಾಂಸ (ಉತ್ತರ)

ನಾನು ಶಸ್ತ್ರಚಿಕಿತ್ಸೆಯ ಕಡೆಯವನು; ಮೂಳೆ ಮತ್ತು ಮೃದು ಅಂಗಾಂಶದ ಕ್ಯಾನ್ಸರ್ ನನ್ನ ಕೆಲಸ. ರೇಡಿಯಾಲಜಿಯ ಇಬ್ಬರು ಪಂಡಿತರ ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ಈ ವರದಿಗಳನ್ನು ಕೈಯಲ್ಲಿ ಹಿಡಿದು ಚಾಕು ಎತ್ತುವವನಿಗೆ ಏನು ಬೇಕು ಎಂಬುದನ್ನೂ ಮಲಪ್ರಭಾ ಅವರು ತಿಳಿದಿರುವುದು ಒಳ್ಳೆಯದು.

ಮೃದು ಅಂಗಾಂಶದ ಸಾರ್ಕೋಮಾ ಅಪರೂಪ. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 1 ಮಾತ್ರ. ಕೊಬ್ಬಿನ ಗಡ್ಡೆಯಂಥ ನಿರುಪದ್ರವಿಗಳು ಅದರ ನೂರು ಪಟ್ಟು. ಅದೇ ಕಾರಣಕ್ಕೆ ಎಲ್ಲರೂ ಮೊದಲು ಕೊಬ್ಬಿನ ಗಡ್ಡೆ ಎಂದೇ ಭಾವಿಸುತ್ತಾರೆ, ಯಾವ ಸ್ಕ್ಯಾನೂ ಇಲ್ಲದೆ ಕುಯ್ದು ತೆಗೆಯುತ್ತಾರೆ, ಹದಿನೈದು ದಿನಕ್ಕೆ ಪೆಥಾಲಜಿಯಲ್ಲಿ ಸಾರ್ಕೋಮಾ ಎಂದು ಬರುತ್ತದೆ. ಆಮೇಲೆ ರೋಗಿ ನಮ್ಮಲ್ಲಿಗೆ ಬಂದಾಗ ಗಡ್ಡೆ ಎಲ್ಲಿತ್ತು, ಎಷ್ಟು ಉಳಿದಿದೆ ಎಂಬುದನ್ನು ಹುಡುಕುವುದೇ ಒಂದು ಸಾಹಸ. 5 ಸೆಂ.ಮೀ.ಗಿಂತ ದೊಡ್ಡದು, ಸ್ನಾಯುವಿನ ಹೊದಿಕೆಗಿಂತ ಆಳದಲ್ಲಿರುವುದು, ಬೆಳೆಯುತ್ತಿರುವುದು: ಈ ಮೂರರಲ್ಲಿ ಒಂದಿದ್ದರೂ ಗ್ರಾಫ್ ಎಷ್ಟೇ ಸಾಧುವಾಗಿ ಕಂಡರೂ ಬಯಾಪ್ಸಿ ಇಲ್ಲದೆ ನಾನು ಬಿಡುವುದಿಲ್ಲ. ಅದಕ್ಕೆ ಕಾರಣ ನಿಮ್ಮ ಆ ಮಿಕ್ಸಾಯ್ಡ್ ಕೇಸು.

ಬಯಾಪ್ಸಿಯ ದಾರಿಯ ಬಗ್ಗೆ ಒಂದು ಮಾತು. ವೇಗವಾಗಿ ಹೊಳೆಯುವ ಭಾಗವನ್ನು ರೇಡಿಯಾಲಜಿಯವರು ತೋರಿಸಿದ ಮಾತ್ರಕ್ಕೆ ಅಲ್ಲಿಗೆ ಹತ್ತಿರದ ದಾರಿಯಲ್ಲಿ ಸೂಜಿ ಹಾಕಬಾರದು. ಸೂಜಿ ಹೋದ ದಾರಿಯನ್ನು ನಂತರ ಗಡ್ಡೆಯೊಂದಿಗೇ ಕತ್ತರಿಸಿ ತೆಗೆಯುವುದು ನಮ್ಮ ರೂಢಿ. ಆದ್ದರಿಂದ ನನ್ನ ಕುಯ್ತದ ಗೆರೆ ಎಲ್ಲಿ ಬರುತ್ತದೋ ಅದೇ ಗೆರೆಯ ಮೇಲೆ ಸೂಜಿ ಒಳಹೋಗಬೇಕು, ಒಂದೇ ಸ್ನಾಯು ವಿಭಾಗದಲ್ಲಿ ಸಾಗಬೇಕು, ದೊಡ್ಡ ನರ ಮತ್ತು ರಕ್ತನಾಳಗಳಿಂದ ದೂರವಿರಬೇಕು. ತೊಡೆಯ ಮುಂಭಾಗದ ಗಡ್ಡೆಗೆ ಹಿಂಭಾಗದಿಂದ ಸೂಜಿ ಹಾಕಿಸಿಕೊಂಡು ಬಂದವರನ್ನು ನೋಡಿದ್ದೇನೆ, ಅಂಥ ಸಂದರ್ಭದಲ್ಲಿ ಒಂದರ ಬದಲು ಎರಡು ಸ್ನಾಯು ವಿಭಾಗಗಳು ಕಲುಷಿತವಾದಂತೆ. ನಕ್ಷೆಯನ್ನು ಮುಂದಿಟ್ಟುಕೊಂಡು ಶಸ್ತ್ರಚಿಕಿತ್ಸಕ ಮತ್ತು ರೇಡಿಯಾಲಜಿಸ್ಟ್ ಐದು ನಿಮಿಷ ಒಟ್ಟಿಗೆ ಕೂತರೆ ಸಾಕು. ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಮೆಮೋರಿಯಲ್‌ನಂಥ ಕ್ಯಾನ್ಸರ್ ಕೇಂದ್ರಗಳಿಗೆ ಕಳುಹಿಸಬೇಕಾದ ರೋಗಿಯಾಗಿದ್ದರೆ ಬಯಾಪ್ಸಿಯನ್ನೂ ಅಲ್ಲಿಯವರಿಗೇ ಬಿಟ್ಟುಬಿಡುವುದು ಇನ್ನೂ ಉತ್ತಮ.

ಆದರೆ ಡೈನಾಮಿಕ್ ಸ್ಕ್ಯಾನ್ ನನ್ನ ಪಾಲಿಗೆ ನಿಜವಾಗಿ ಬೆಲೆಬಾಳುವುದು ಚಿಕಿತ್ಸೆ ಆರಂಭವಾದ ಮೇಲೆ. ಶಸ್ತ್ರಚಿಕಿತ್ಸೆಗೆ ಮುಂಚೆ ಐದು ವಾರಗಳಲ್ಲಿ 25 ಸಲ, ಒಟ್ಟು 50 ಗ್ರೇ (ವಿಕಿರಣ ಪ್ರಮಾಣದ ಅಳತೆ) ರೇಡಿಯೇಷನ್ ಕೊಡುವುದು ಸಾಮಾನ್ಯ ಕ್ರಮ. ಮುಗಿದ ಮೇಲೆ ಅಳೆದರೆ ಎಷ್ಟೋ ಗಡ್ಡೆಗಳು ಇದ್ದಷ್ಟೇ ಇರುತ್ತವೆ, ಕೆಲವು ಒಳಗೆ ರಕ್ತ ಸುರಿದು ಅಥವಾ ಸತ್ತ ಭಾಗ ನೀರಾಗಿ ಹಿಗ್ಗಿರುತ್ತವೆ. ರೆಸಿಸ್ಟ್ ಎಂಬ ಅಳತೆಗೋಲಿನ ಪ್ರಕಾರ ಉದ್ದ ಶೇ. 30 ಕುಗ್ಗಿದರೆ ಭಾಗಶಃ ಗುಣ, ಶೇ. 20 ಹಿಗ್ಗಿದರೆ ರೋಗ ಮುಂದುವರಿದಿದೆ ಎಂದರ್ಥ. ಒಳಗಿನದೆಲ್ಲ ಸತ್ತು ಹಿಗ್ಗಿದ ಗಡ್ಡೆಗೂ ಅದು "ಮುಂದುವರಿದಿದೆ" ಎಂಬ ಹಣೆಪಟ್ಟಿ ಹಚ್ಚುತ್ತದೆ. ಜೀರ್ಣಾಂಗಗಳಲ್ಲಿ ಬರುವ ಗಿಸ್ಟ್ ಎಂಬ ಗಡ್ಡೆಗಳಲ್ಲಿ ಇದೇ ತೊಂದರೆ ಕಂಡು 2007ರಲ್ಲಿ ಚೋಯ್ ಮತ್ತು ಸಂಗಡಿಗರು ಸಿ.ಟಿ.ಯಲ್ಲಿ ಗಾತ್ರ ಶೇ. 10 ಅಥವಾ ಸಾಂದ್ರತೆ ಶೇ. 15 ಇಳಿದರೂ ಚಿಕಿತ್ಸೆ ಫಲಿಸಿದೆ ಎನ್ನಬೇಕೆಂಬ ಬೇರೆ ಅಳತೆಯನ್ನೇ ತಂದರು. ಕೈಕಾಲಿನ ಸಾರ್ಕೋಮಾದಲ್ಲಿ ಆ ಕೆಲಸವನ್ನು ಡೈನಾಮಿಕ್ ಎಂ.ಆರ್.ಐ. ಮಾಡಬಲ್ಲದು: ಚಿಕಿತ್ಸೆಗೆ ಮುಂಚೆ ಅಪಧಮನಿಯ ಬೆನ್ನಿಗೆ ಹೊಳೆಯುತ್ತಿದ್ದ ಜಾಗ ನಂತರ ಹೊಳೆಯದಿದ್ದರೆ ಅಲ್ಲಿ ರಕ್ತದ ಹರಿವು ನಿಂತಿದೆ, ನಿಧಾನವಾಗಿ ಹೊಳೆದರೆ ಅದು ಬಹುಮಟ್ಟಿಗೆ ಗಾಯ ಮಾಯುವ ಅಂಗಾಂಶ, ಮೊದಲಿನಷ್ಟೇ ವೇಗವಾಗಿ ಹೊಳೆಯುವ ದ್ವೀಪ ಉಳಿದಿದ್ದರೆ ನನಗೆ ಅದು ಎಲ್ಲಿದೆ, ಮುಖ್ಯ ನರದಿಂದ ಎಷ್ಟು ದೂರವಿದೆ ಎಂಬುದು ತಿಳಿಯಬೇಕು. ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ಕಲೆಯ ಕೆಳಗೆ ಗಂಟು ಕಂಡಾಗಲೂ ಇದೇ ತರ್ಕ: ಹಳೆಯ ಕಲೆ ನಿಧಾನ, ಮರುಕಳಿಸಿದ ಗಡ್ಡೆ ಸಾಮಾನ್ಯವಾಗಿ ಚುರುಕು. ಶಸ್ತ್ರಚಿಕಿತ್ಸೆಯ ಮೊದಲ ಕೆಲವು ತಿಂಗಳಲ್ಲಿ ಮಾತ್ರ ಮಾಯುತ್ತಿರುವ ಅಂಗಾಂಶವೂ ಚುರುಕಾಗಿಯೇ ಇರುತ್ತದೆ, ಆಗ ಗ್ರಾಫ್ ನಂಬಿ ನನ್ನನ್ನು ಓಡಿಸಬೇಡಿ.

ಇಲ್ಲಿ ಹೋಲಿಕೆ ಬೇರೊಬ್ಬ ರೋಗಿಯ ಗಡ್ಡೆಯೊಂದಿಗಲ್ಲ, ಅದೇ ರೋಗಿಯ ಅದೇ ಗಡ್ಡೆಯ ಹಿಂದಿನ ಸ್ಥಿತಿಯೊಂದಿಗೆ. ಶ್ವಾನೋಮಾ, ಮಿಕ್ಸಾಯ್ಡ್‌ಗಳ ಗೊಂದಲ ಇಲ್ಲಿ ಬಹುಪಾಲು ಅಡ್ಡ ಬರುವುದಿಲ್ಲ. ಕತ್ತರಿಸಿ ತೆಗೆದ ಗಡ್ಡೆ ಪೆಥಾಲಜಿಯವರ ಮೇಜಿಗೆ ಹೋಗುವುದರಿಂದ ನಿಮ್ಮ ನಕ್ಷೆ ಸರಿಯೋ ತಪ್ಪೋ ಎಂಬುದಕ್ಕೆ ಸಾಕ್ಷಿಯೂ ಸಿಗುತ್ತದೆ.

ಮಲಪ್ರಭಾ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇವತ್ತು ಗೈಡ್ ಅವರೊಂದಿಗೆ ಈ ಚರ್ಚೆಯನ್ನು ಓದಿದೆ. ಚಿಕಿತ್ಸೆಯ ಮುಂಚೆ ಮತ್ತು ನಂತರದ ಹೋಲಿಕೆ ಆಕರ್ಷಕವಾಗಿದ್ದರೂ ನಮ್ಮ ಆಸ್ಪತ್ರೆಯಲ್ಲಿ ರೇಡಿಯೇಷನ್ ವಿಭಾಗವಿಲ್ಲ. ರೋಗಿಗಳು ಬೇರೆಡೆಗೆ ಹೋಗುವುದರಿಂದ ಎರಡನೆಯ ಸ್ಕ್ಯಾನ್ ನಮ್ಮಲ್ಲಿ ಆಗುವ ಭರವಸೆಯಿಲ್ಲ. ಆದ್ದರಿಂದ ಬಯಾಪ್ಸಿಯ ಜಾಗ ಆರಿಸುವ ವಿಷಯವನ್ನೇ ತೆಗೆದುಕೊಳ್ಳುತ್ತಿದ್ದೇನೆ. ಬಾಕಿ ಉಳಿದ ಎರಡು ಸಂದೇಹಗಳು ಇವು. ನಮ್ಮದು 1.5 ಟೆಸ್ಲಾ ಯಂತ್ರ, ಕೆ-ಟ್ರಾನ್ಸ್ ಲೆಕ್ಕದ ಸಾಫ್ಟ್‌ವೇರ್ ಇಲ್ಲ. ಏರಿಕೆಯ ನಕ್ಷೆಯಷ್ಟೇ ಇದ್ದರೆ ಸಾಕೇ? ಮೂತ್ರಪಿಂಡದ ತೊಂದರೆ ಇರುವವರನ್ನು ಏನು ಮಾಡಬೇಕು?

ಟೆಸ್ಲಾ ಲೆಕ್ಕ

1.5 ಟೆಸ್ಲಾ ಧಾರಾಳವಾಗಿ ಸಾಕು. ಗೆಂಟ್‌ನ ನಕ್ಷೆಗಳು ಬಂದಾಗ ಈಗಿನ ಸೌಲಭ್ಯಗಳಲ್ಲಿ ಅರ್ಧವೂ ಇರಲಿಲ್ಲ. ಏರಿಕೆಯ ವೇಗ, ಅಪಧಮನಿ ಹೊಳೆದ ಕ್ಷಣದಿಂದ ಗಡ್ಡೆ ಹೊಳೆಯುವವರೆಗಿನ ಅಂತರ, ಔಷಧಕ್ಕೆ ಮುಂಚಿನದನ್ನು ಕಳೆದು ಪಡೆದ ಚಿತ್ರ, ಈ ಮೂರು ನಿಮ್ಮ ಪ್ರಶ್ನೆಗೆ ಸಾಲುತ್ತವೆ. ಜೊತೆಗೆ ಡಿಫ್ಯೂಷನ್ ಚಿತ್ರವನ್ನೂ ತೆಗೆಯಿರಿ, ಅದಕ್ಕೆ ಔಷಧವೇ ಬೇಡ. ಒತ್ತೊತ್ತಾದ ಕೋಶಗಳಿರುವ ಜಾಗದಲ್ಲಿ ನೀರಿನ ಚಲನೆ ಕಡಿಮೆಯಿರುವುದರಿಂದ ಸೂಜಿಯ ಜಾಗಕ್ಕೆ ಅದೂ ಒಂದು ಸುಳಿವು. ವೇಗವಾಗಿ ಹೊಳೆಯುವ ಜಾಗ ಮತ್ತು ನೀರಿನ ಚಲನೆ ಕಡಿಮೆಯಿರುವ ಜಾಗ ಎರಡೂ ಒಂದೇ ಆಗದ ಗಡ್ಡೆಗಳು ನಿಮಗೆ ಸಿಕ್ಕೇ ಸಿಗುತ್ತವೆ. ಅಂಥವನ್ನು ಕೈಬಿಡಬೇಡಿ, ಎರಡೂ ಕಡೆಯಿಂದ ತುಣುಕು ತೆಗೆದು ಬೇರೆಬೇರೆ ಬಾಟಲಿಯಲ್ಲಿ ಕಳುಹಿಸಿ.

ಹಳೇ ಫಿಲ್ಮು

ಮೂತ್ರಪಿಂಡದ ವಿಷಯ. ಚರ್ಮ ಮತ್ತು ಒಳ ಅಂಗಾಂಶಗಳು ಗಟ್ಟಿಯಾಗುವ ನೆಫ್ರೋಜೆನಿಕ್ ಸಿಸ್ಟೆಮಿಕ್ ಫೈಬ್ರೋಸಿಸ್ ಎಂಬ ಕಾಯಿಲೆಗೂ ಗ್ಯಾಡೊಲಿನಿಯಂಗೂ ನಂಟಿರುವುದು 2006ರಲ್ಲಿ ಬೆಳಕಿಗೆ ಬಂತು. ಅಪಾಯ ಹೆಚ್ಚಿದ್ದದ್ದು ಮೂತ್ರಪಿಂಡದ ಶೋಧನಾ ದರ ನಿಮಿಷಕ್ಕೆ 30 ಮಿ.ಲೀ.ಗಿಂತ ಕಡಿಮೆ ಇರುವವರಲ್ಲಿ, ಅದೂ ತೆರೆದ ಸರಪಳಿಯಂಥ ರಚನೆಯ ಹಳೆಯ ಲೀನಿಯರ್ ಔಷಧಗಳಿಂದ. ಉಂಗುರದಂಥ ರಚನೆಯ ಮ್ಯಾಕ್ರೋಸೈಕ್ಲಿಕ್ ಔಷಧಗಳಲ್ಲಿ ಅಪಾಯ ಅತ್ಯಂತ ವಿರಳ. ಆದರೂ ಥೀಸಿಸ್‌ನ ಸಲುವಾಗಿ ಅಂಥ ರೋಗಿಗೆ ಔಷಧ ಕೊಡುವುದನ್ನು ಯಾವ ಎಥಿಕ್ಸ್ ಸಮಿತಿಯೂ ಮೆಚ್ಚುವುದಿಲ್ಲ. ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನು ಕಡ್ಡಾಯ ಮಾಡಿ, ಅದರಿಂದ ಲೆಕ್ಕ ಹಾಕಿದ ಶೋಧನಾ ದರ 30ಕ್ಕಿಂತ ಕಡಿಮೆ ಬಂದವರನ್ನು ಹೊರಗಿಡಿ, ಗರ್ಭಿಣಿಯರನ್ನೂ ಹೊರಗಿಡಿ. ಅಂಥವರಿಗೆ ಕಲರ್ ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಮಾಡಿ ನಾಳಗಳಿರುವ ಜಾಗ ಗುರುತಿಸಿದರೆ ಸೂಜಿಗೆ ಅಷ್ಟರಮಟ್ಟಿಗೆ ದಾರಿ ಸಿಗುತ್ತದೆ.

ಶೀರ್ಷಿಕೆಯನ್ನು ಹೀಗೆ ಬದಲಿಸಬಹುದು: "ಕೈಕಾಲು ಮತ್ತು ಮುಂಡದ ಮೃದು ಅಂಗಾಂಶದ ಗಡ್ಡೆಗಳಲ್ಲಿ ಬಯಾಪ್ಸಿಯ ಜಾಗ ಆರಿಸಲು ಡೈನಾಮಿಕ್ ಎಂ.ಆರ್.ಐ." ಮುಖ್ಯ ಫಲಿತಾಂಶವಾಗಿ, ನಕ್ಷೆ ನೋಡಿ ಆರಿಸಿದ ಜಾಗದಿಂದ ಬಂದ ತುಣುಕಿನಲ್ಲಿ ರೋಗನಿರ್ಣಯಕ್ಕೆ ಸಾಕಾಗುವಷ್ಟು ಜೀವಂತ ಗಡ್ಡೆ ಸಿಕ್ಕಿತೋ ಇಲ್ಲವೋ ಎಂಬುದನ್ನು ಇಟ್ಟುಕೊಳ್ಳಿ. ಅದಕ್ಕೆ ಪೆಥಾಲಜಿ ವಿಭಾಗದವರೊಬ್ಬರನ್ನು ಸಹ-ಗೈಡ್ ಆಗಿ ಈಗಲೇ ಕೇಳಿ. ಸಿನಾಪ್ಸಿಸ್ ಸಲ್ಲಿಸಿದ ಮೇಲೆ ಹೆಸರು ಸೇರಿಸುವುದು ಬಹಳ ತಾಪತ್ರಯದ ಕೆಲಸ.